ಒನಕೆ ಇನ್ನೂ ನಿಂತಿದೆ

ಮಾಡದಕೆರೆ
26 ಡಿಸೆಂಬರ್ 2019, ಗುರುವಾರ

ಪ್ರೀತಿಯ ರೋಜಾ,

ನಿನ್ನ ಸಿಟ್ಟು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಮಕ್ಕಳನ್ನೆಲ್ಲ ಶಾಲೆಯ ಅಂಗಳದಲ್ಲಿ ನಿಲ್ಲಿಸಿಕೊಂಡು ಗೇಟಿನ ಕಡೆ ನೋಡಿ ನೋಡಿ ಸಾಕಾಗಿ, ವಿಜ್ಞಾನದ ಮೇಡಂಗೇ ಗ್ರಹಣ ಹಿಡಿಯಿತೇನೋ ಎಂದು ಬೈದಿರುತ್ತೀಯ. ಬೈಯಿ, ನಿನ್ನದೇನೂ ತಪ್ಪಿಲ್ಲ. ನಾನು ನಮ್ಮ ಮನೆಯ ಒಳಕೋಣೆಯಲ್ಲಿ ಕೂತಿದ್ದೇನೆ. ಕಿಟಕಿಗೆ ಕಂಬಳಿ, ಬಾಗಿಲಿಗೆ ಚಿಲಕ, ನನಗೆ ಏಳು ತಿಂಗಳು. ಇಷ್ಟು ಹೇಳಿದರೆ ನಿನಗೆ ಉಳಿದದ್ದು ಅರ್ಥವಾಗುತ್ತದೆ.

ಕತ್ತರಿ ಮುಟ್ಟಬಾರದು, ಸೂಜಿ ಹಿಡಿಯಬಾರದು, ಕಾಲು ಮಡಚಬಾರದು. ಪೆನ್ನಿನ ಬಗ್ಗೆ ಯಾರೂ ಏನೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಫೋನು ಆಫ್ ಆಗಿದೆ. ನಮ್ಮನೆಯವರು ತೆಂಗಿನಕಾಯಿ ಲೋಡಿನ ಜೊತೆ ಹೊಸದುರ್ಗಕ್ಕೆ ಹೋಗಿದ್ದಾರೆ. ಇದ್ದಿದ್ದರೂ ಅವರೇನು ಬಾಯಿ ಬಿಡುತ್ತಿರಲಿಲ್ಲ ಬಿಡು.

ನಮ್ಮ ಮನೆಯ ಗ್ರಹಣದ ಗಡಿಯಾರ ಯಾವುದು ಗೊತ್ತೇನು? ಒನಕೆ. ಗ್ರಹಣ ಹಿಡಿದ ಕೂಡಲೇ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನದ ನೀರು ಹಾಕಿ, ನಡುಮನೆಯಲ್ಲಿಟ್ಟು, ಅದರಲ್ಲಿ ಒನಕೆ ನಿಲ್ಲಿಸುತ್ತಾರೆ. ಗ್ರಹಣ ಇರುವಷ್ಟು ಹೊತ್ತು ಅದು ನಿಂತಿರುತ್ತದಂತೆ, ಬಿಟ್ಟ ಕೂಡಲೇ ಬೀಳುತ್ತದಂತೆ. ಅದು ಬಿದ್ದ ಮೇಲೆ ಬಸುರಿ ಹೊರಗೆ ಬರಬಹುದು. ನಮ್ಮತ್ತೆ ದಾಕ್ಷಾಯಣಮ್ಮನವರ ತವರಿನಲ್ಲೂ ಹೀಗೇ, ಅವರ ಅತ್ತೆಯ ಕಾಲದಲ್ಲೂ ಹೀಗೇ. ಒನಕೆಯ ಬುಡ ಚಪ್ಪಟೆ, ಬುಡಕ್ಕೆ ಕಬ್ಬಿಣದ ಬಳೆ. ತೂಕವೆಲ್ಲ ಕೆಳಗೆ ಕೂತಿರುವಾಗ ಅದು ಯಾಕೆ ಬೀಳಬೇಕು? ನೆಟ್ಟಗೆ ಇಟ್ಟರೆ ಸೋಮವಾರವೂ ನಿಲ್ಲುತ್ತದೆ, ಅಮಾವಾಸ್ಯೆಗೂ ನಿಲ್ಲುತ್ತದೆ, ಯಾರಾದರೂ ತಾಗುವ ತನಕ ನಿಂತೇ ಇರುತ್ತದೆ. ಹನ್ನೊಂದು ದಾಟಿತು, ಗ್ರಹಣ ಬಿಟ್ಟಾಯಿತು. ಬಾಗಿಲ ಸಂದಿಯಿಂದ ಈಗಷ್ಟೇ ನೋಡಿದೆ. ಅದು ಅಲುಗಿಲ್ಲ. ಹೊರಗೆ ಅತ್ತೆ ಏನೋ ಹೇಳುತ್ತಲೇ ಇದ್ದಾರೆ, ನಾನು ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ನನಗೆ ಸಂಕಟವಾಗುತ್ತಿರುವುದು ಓಬಮ್ಮನನ್ನು ನೆನೆದು. ಮಾರಣ್ಣನ ಮಗಳು, ಏಳನೇ ಕ್ಲಾಸಿನವಳು. ಮೊನ್ನೆ ನಾವು ಗ್ರಹಣ ನೋಡಲು ರಟ್ಟಿನ ಡಬ್ಬಿಗೆ ಸೂಜಿತೂತು ಮಾಡುತ್ತಿದ್ದಾಗ ಎಲ್ಲರ ಮುಂದೆ ಕೇಳಿದಳು, "ಮಿಸ್, ನೀವ್ ಬರ್ತೀರಾ? ಬಸುರಿ ಹೆಂಗಸು ಹೊರಗೆ ಬಂದ್ರೆ ಕೂಸಿಗೆ ಊನ ಆಗ್ತೈತೆ ಅಂತಾಳೆ ನಮ್ಮವ್ವ. ನೀವ್ ಬಂದ್ರೆ ನಾವು ನಂಬ್ತೀವಿ, ಇಲ್ಲಾಂದ್ರೆ ನಮ್ಮವ್ವ ಹೇಳಿದ್ದೇ ಖರೆ." ಬಂದೇ ಬರುತ್ತೇನೆ ಎಂದು ಮಾತು ಕೊಟ್ಟೆ. ಆ ಹುಡುಗಿ ಇವತ್ತು ಮನೆಗೆ ಹೋಗಿ ಅವ್ವನಿಗೆ ಏನು ಹೇಳುತ್ತಾಳೆ ಎಂದು ನೆನೆದರೆ ಅನ್ನ ಇಳಿಯುವುದಿಲ್ಲ.

ನನ್ನ ಬದಲು ನೀನೇ ಅವರಿಗೆ ಹೇಳು. ಬರಿಗಣ್ಣಲ್ಲಿ ಸೂರ್ಯನನ್ನು ನೋಡಬಾರದು ಅನ್ನುವುದು ನಿಜ, ಆದರೆ ಅದು ಗ್ರಹಣದ ದಿನ ಮಾತ್ರವಲ್ಲ, ಯಾವತ್ತೂ. ಕಣ್ಣಿನ ಹಿಂದಿನ ಪರದೆಗೆ ನೋವು ತಿಳಿಯುವುದಿಲ್ಲ. ಸುಡುತ್ತಿದ್ದರೂ ಏನೂ ಆಗದವರ ಹಾಗೆ ನೋಡುತ್ತಾ ನಿಲ್ಲುತ್ತೇವೆ. ಅನ್ನ ವಿಷವಾಗುವುದಿಲ್ಲ ಎಂದೂ ಹೇಳು. ಚಂದ್ರನ ನೆರಳು ನಮ್ಮ ಮೇಲೆ ಬೀಳುತ್ತದೆ, ಅಷ್ಟೇ. ನೆರಳಿಗೆ ಕೂಸಿನ ತುಟಿ ಸೀಳುವ ಶಕ್ತಿ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ. ಈ ಕಂಬಳಿಯಲ್ಲಿ ಸಣ್ಣದೊಂದು ತೂತಿದೆ. ಒಂಬತ್ತೂವರೆಯ ಹೊತ್ತಿಗೆ ಎದುರು ಗೋಡೆಯ ಮೇಲೆ ರೂಪಾಯಿ ಬಿಲ್ಲೆಯಷ್ಟೇ ಅಗಲದ ಬೆಳಕು ಬಿತ್ತು, ಅದೂ ಕುಡುಗೋಲಿನ ಆಕಾರದಲ್ಲಿ, ತಲೆಕೆಳಗಾಗಿ. ನಾವು ಡಬ್ಬಿಯಲ್ಲಿ ಹಿಡಿಯಬೇಕೆಂದಿದ್ದ ಸೂರ್ಯ ತಾನೇ ನನ್ನ ಕೋಣೆಗೆ ಬಂದಿದ್ದ. ಶಾಲೆಯ ಬೇವಿನ ಮರದ ನೆರಳಲ್ಲೂ ಅಂಥವು ನೂರಾರು ಬಿದ್ದಿರಬೇಕು. ಎಲೆಗಳ ಸಂದಿಯೂ ಸೂಜಿತೂತೇ. ಮಕ್ಕಳು ಅದನ್ನು ನೋಡಿದರಾ? ನನಗೆ ತುಂಬ ಖುಷಿಯಾಯಿತು, ಆಮೇಲೆ ಅಳು ಬಂತು.

ಹೋದ ಸಲದ್ದನ್ನು ಇದಕ್ಕೆ ಗಂಟು ಹಾಕಬೇಡ. ಹುಣ್ಣಿಮೆಯ ಗ್ರಹಣದ ಸಂಜೆ ಮಕ್ಕಳ ಜೊತೆ ಅಂಗಳದಲ್ಲಿ ನಿಂತಿದ್ದೆ, ವಾರ ಕಳೆಯುವುದರೊಳಗೆ ಹೊಟ್ಟೆಯಲ್ಲಿದ್ದ ಕೂಸು ಹೋಯಿತು. ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಇದರಿಂದ ಅದಾಯಿತು ಎಂದಲ್ಲ. ಇದನ್ನೇ ಅಲ್ಲವೇ ನಾನು ಕ್ಲಾಸಿನಲ್ಲಿ ಹೇಳುವುದು? ಚಿತ್ರದುರ್ಗದ ಡಾಕ್ಟರೂ ಅದನ್ನೇ ಹೇಳಿದರು. ಆದರೆ ಊರಿನವರು ನಂಬಲಿಲ್ಲ. ಊರಿನವರ ಬಾಯಿಗೆ ಹೆದರಿ ಮನೆಯವರು ಬಾಗಿಲು ಹಾಕುತ್ತಾರೆ, ನಡುವೆ ನಾನು ಸಿಕ್ಕಿಬಿದ್ದಿದ್ದೇನೆ.

ಇವತ್ತು ಗ್ರಹಣ ಬಿಟ್ಟ ಮೇಲೇ ಬಿಸಿಯೂಟಕ್ಕೆ ಒಲೆ ಹಚ್ಚುವುದಂತೆ. ಅಡುಗೆಯ ಬೋರಕ್ಕ ಈ ದಾರಿಯಲ್ಲೇ ಶಾಲೆಗೆ ಬರುತ್ತಾಳೆ. ಕಿಟಕಿಯಿಂದ ಅವಳ ಕೈಗೆ ಇದನ್ನು ಕೊಡುತ್ತೇನೆ. ಓಬಮ್ಮನಿಗೆ ಮಿಸ್‌ಗೆ ಹುಷಾರಿಲ್ಲ ಅಂದುಬಿಡು.

ನಿನ್ನ,
ಶಿವಗಂಗಾ

ತಾ.ಕ.: ಬೋರಕ್ಕ ಕಿಟಕಿಯ ಆಚೆ ನಿಂತು ಅವಸರ ಮಾಡುತ್ತಿದ್ದಾಳೆ. ಆದರೂ ಇದನ್ನು ಬರೆಯದೆ ಕಾಗದ ಮಡಚಲು ಕೈ ಬರುತ್ತಿಲ್ಲ. ಒನಕೆ ಬೆಳಿಗ್ಗೆಯೇ ಬಿದ್ದಿತ್ತು, ಸೂರ್ಯ ಅರ್ಧ ಮುಚ್ಚುವ ಮೊದಲೇ. ಅತ್ತೆಯೇ ಅದನ್ನು ಕಾಲಿನಿಂದ ತಳ್ಳಿ, "ಬಿತ್ತು ನೋಡವ್ವ. ಮಕ್ಳಿಗೆ ಮಾತು ಕೊಟ್ಟಿದೀಯ, ಕಾಯ್ತಾ ಇರ್ತಾವೆ. ನಡಿ, ನಾನೂ ಬರ್ತೀನಿ" ಎಂದರು. ಹೊಸ್ತಿಲವರೆಗೆ ಹೋದೆ ರೋಜಾ. ಬಿಸಿಲು ಮಂಕಾಗುತ್ತಿತ್ತು. ಕಾಲು ಆಚೆ ಇಡಲು ನನ್ನಿಂದ ಆಗಲಿಲ್ಲ. ತಿರುಗಿ ಬಂದು, ಒನಕೆಯನ್ನು ಎತ್ತಿ ತಟ್ಟೆಯಲ್ಲಿ ನಿಲ್ಲಿಸಿ, ಒಳಗಿನಿಂದ ಚಿಲಕ ಹಾಕಿಕೊಂಡೆ. ಅತ್ತೆ ಆಗಿನಿಂದ ಬಾಗಿಲು ತಟ್ಟುತ್ತಲೇ ಇದ್ದಾರೆ.