ಎಲ್ಲ ಕ್ಷೇಮ ಅನ್ನಬೇಡಿ

ರೀ ಹುಮಾಯೂನ್ ಮೇಷ್ಟ್ರೇ,

ನಾನು ಹೋಟೆಲಿನ ಕೆಲಸಕ್ಕೆ ಹೊರಟೆ. ಹತ್ತು ಗಂಟೆಗೆ ಅಥೆನ್ಸಿನ ನಿರಾಶ್ರಿತರ ಕಚೇರಿಯಲ್ಲಿ ನಿಮ್ಮ ಆಶ್ರಯದ ಅರ್ಜಿಯ ವಿಚಾರಣೆ. ಗುರುತಿನ ಕಾರ್ಡು ಮರೀಬೇಡಿ. ಡಬ್ಬಿಯಲ್ಲಿ ಆಲೂ ತುಂಬಿದ ಬೊಲಾನಿ ರೊಟ್ಟಿ ಇಟ್ಟಿದ್ದೀನಿ. ನೀವು ತಿನ್ನಿ, ಅಧಿಕಾರಿಗೆ ಬಲವಂತ ಮಾಡಬೇಡಿ, ಲಂಚ ಅಂದ್ಕೊಂಡಾಳು!

"ಕಾಬೂಲಿನಲ್ಲಿ ಹೇಗಿದ್ರಿ?" ಅಂತ ಆಯಮ್ಮ ಕೇಳ್ತಾಳೆ. ನಮ್ಮೂರ ಮರ್ಯಾದೆ ಮೆರೆಸೋಕೆ ಹೋಗಿ "ದೇವರ ದಯೆ, ಎಲ್ಲ ಕ್ಷೇಮ, ನಿಮ್ಮನೇಲಿ ಹೇಗಿದ್ದಾರೆ?" ಅಂದ್ರೋ, ಆ ಕ್ಷೇಮದ ಊರಿಗೇ ವಾಪಸ್ ಅಟ್ತಾಳೆ. ಬೆನ್ನ ಮೇಲಿನ ಗುರುತು ತೋರಿಸಿ. ಪಕ್ಕದ ಮನೆಯವರಿಗೆ ಹೇಳಿದ ಹಾಗೆ ಮೆಟ್ಟಿಲಿಂದ ಬಿದ್ದೆ ಅನ್ನಬೇಡಿ. ಹುಡುಗೀರಿಗೆ ಲೆಕ್ಕ ಹೇಳಿಕೊಟ್ಟಿದ್ದಕ್ಕೆ ಬಿದ್ದ ಏಟು ಅಂತ ಇದ್ದದ್ದು ಇದ್ದ ಹಾಗೆ ಹೇಳಿ.

ಸಂಜೆ ಬಂದು ನಾನು "ಹೇಗಾಯ್ತು?" ಅಂತ ಕೇಳ್ತೀನಲ್ಲ, ಆಗ ಅನ್ನಿ "ಎಲ್ಲ ಕ್ಷೇಮ" ಅಂತ. ಸುಳ್ಳಾದ್ರೂ ಸರಿ.

ನಿಮ್ಮ ಜರ್ಮೀನಾ