ಏಳನೇ ಪೆಟ್ಟಿಗೆಯ ಹಕ್ಕಿಗೆ ಕಲಿಸಿದವರು

ಅಕ್ಕಾ,

ಕಳಿಸುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ನಾವಿಬ್ಬರೂ ಸಾಕಿದ ಆ ಹಕ್ಕಿಮರಿ, ಹೊರಗಿನ ಸದ್ದು ನುಗ್ಗದ ಏಳನೇ ಪೆಟ್ಟಿಗೆಯಲ್ಲಿ ಯಾರ ಹಾಡನ್ನೂ ಕೇಳದೆ ಬೆಳೆಯಬೇಕಿತ್ತು. ಅದು ಯಾರಿಂದಲೋ ಕಲಿತಂತೆ ಹಾಡಿದಾಗ, ನೀವು ಪೆಟ್ಟಿಗೆಯ ಬಾಗಿಲು ತೆರೆದಿಟ್ಟಿರಿ ಎಂದು ಲ್ಯಾಬ್ ನಡೆಸುವ ಮೇಡಂಗೆ ಹೇಳಿದವನು ನಾನೇ. ನಿಮ್ಮ ಕೆಲಸ ಹೋಯಿತು.

ಇವತ್ತು ಅದರ ಮೆದುಳಿಗೆ ತಂತಿ ಇಟ್ಟು, ಕಲಿಸಿದವರ ದನಿಗೆ ಮಾತ್ರ ಮಿಡಿಯುವ ಕೋಶಗಳನ್ನು ಆಲಿಸುತ್ತಿದ್ದೆವು. ಬೇರೆ ಹಕ್ಕಿಗಳ ಹಾಡು ಹಾಕಿದರೆ, ಕೋಶಗಳ ಮಿಡಿತ ಕೇಳಿಸುವ ಸ್ಪೀಕರ್ ತೆಪ್ಪಗಿತ್ತು. ನಾನು ನೀರು ತುಂಬಿಸುತ್ತ ಅಭ್ಯಾಸಬಲದಿಂದ ಶಿಳ್ಳೆ ಹಾಕಿದೆ. ಸ್ಪೀಕರ್ ಸಾಸಿವೆ ಸಿಡಿದಂತೆ ಚಟಪಟ ಎಂದಿತು. ಅರ್ಧಕ್ಕೇ ನಿಲ್ಲಿಸಿದೆ.

“ಏನಾಯ್ತೋ?” ಎಂದರು ಮೇಡಂ.

“ತಂತಿ ಸಡಿಲ ಆಗಿರ್ಬೇಕು ಮೇಡಂ.”

ಮರಿಯ ಮುಂದೆ ಶಿಳ್ಳೆ ಬೇಡವೋ ಎಂದು ನೀವು ಎಷ್ಟು ಸಲ ಗದರಿದ್ದಿರಿ. ಕೆಲಸ ಹೋದ ದಿನ ಮೇಡಂ ಎದುರು ಮಾತ್ರ ನನ್ನ ಶಿಳ್ಳೆಯ ಮಾತೆತ್ತದೆ ಸುಮ್ಮನಿದ್ದಿರಿ.

ಹಕ್ಕಿ ಸುಮ್ಮನಿರಲಿಲ್ಲ. ನನ್ನತ್ತ ತಿರುಗಿ, ನನ್ನ ಶಿಳ್ಳೆಯ ಉಳಿದರ್ಧವನ್ನು ತಾನೇ ಹಾಡಿ ಮುಗಿಸಿತು.