ದಾರಿಗಣ್ಣಿಗೆ ಹಚ್ಚಿದ ದೀಪ

ಶೀತಶಕೆ ಎಂಬತ್ತೊಂದು, ಅಧಿಕ ಕಾರ್ತಿಕದ ಅಮಾವಾಸ್ಯೆ ಕಳೆದ ನಾಲ್ಕನೇ ದಿನ
ಗೋಪಾಲಸ್ವಾಮಿ ಬೆಟ್ಟದ ತಿರುವು

ನಮಗಿಂತ ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ದೇವಮ್ಮಣ್ಣಿಯ ನಮಸ್ಕಾರಗಳು.

ಮೇಲಿನ ತಾರೀಕು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನಮ್ಮ ಬೆಟ್ಟದಲ್ಲಿ ಮೊದಲ ಸಲ ನೀರು ಹೆಪ್ಪುಗಟ್ಟಿದ ವರ್ಷದಿಂದ ನಾವು ಎಣಿಸುತ್ತೇವೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಅವು ನಿಮ್ಮ ಕಾಲದ ನಂತರ ಹುಟ್ಟಿದವು. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ, ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದಕ್ಕೆ ಉತ್ತರ ಬರುವುದಿಲ್ಲ.

ನಾನು ತಿರುವಿನಲ್ಲಿ ಇಡ್ಲಿ ಮಾರುವವಳು. ಚಳಿಗಾಲದಲ್ಲಿ ನಮ್ಮ ರಸ್ತೆಯ ಮೇಲೆ ಕಳ್ಳಮಂಜು ಕೂರುತ್ತದೆ. ಅದು ತೆಳ್ಳಗಿನ ಹೆಪ್ಪು, ಕಣ್ಣಿಗೆ ಬರೀ ಒದ್ದೆ ಟಾರಿನಂತೆ ಕಾಣುತ್ತದೆ, ಚಕ್ರ ಇಟ್ಟರೆ ಗಾಡಿ ಹಳ್ಳಕ್ಕೆ. ಅದಕ್ಕೆಂದೇ ರಸ್ತೆಯಂಚಿನಲ್ಲಿ ದಾರಿಗಣ್ಣು ಎಂಬ ಕಂಬ ನೆಟ್ಟಿದ್ದಾರೆ. ಅದು ತನ್ನ ಬುಡದ ನೆಲದ ಚಳಿಯನ್ನು ನೋಡಿ ಗುಂಡ್ಲುಪೇಟೆಯ ಕಚೇರಿಗೆ ತಿಳಿಸುತ್ತದೆ. ಅಲ್ಲಿ ಕೂತ ದಾರಿಗಾವಲಿ, ನೇಸರ ಎಂಬ ಹುಡುಗಿ, ಚಳಿ ಇಳಿದದ್ದು ಕಂಡ ಕೂಡಲೇ ಉಪ್ಪುಬಂಡಿ ಕಳಿಸುತ್ತಾಳೆ. ಉಪ್ಪು ಬಿದ್ದರೆ ಹೆಪ್ಪು ಕಟ್ಟುವುದಿಲ್ಲ. ಈ ಕಂಬ ಬಂದ ಮೇಲೆ ನಮ್ಮ ತಿರುವಿನಲ್ಲಿ ಒಂದು ಹೆಣವೂ ಬಿದ್ದಿರಲಿಲ್ಲ. ನಮ್ಮ ಜನ ಸುಮ್ಮನಿರುತ್ತಾರೆಯೇ? ಆಯುಧಪೂಜೆಗೆ ಕಂಬಕ್ಕೆ ಕುಂಕುಮ ಬಂತು, ಚೆಂಡುಹೂವು ಬಂತು. ಕಾರ್ತಿಕ ಬಂದಾಗ ಸಂಜೆ ಸಂಜೆ ದೀಪವೂ ಬಂತು.

ನೇಸರ ಒಮ್ಮೆ ಮೇಲೆ ಬಂದವಳು ದೀಪ ನೋಡಿ ಗಾಬರಿಯಾದಳು. "ನಮ್ಮನ್ನೆಲ್ಲ ಕಾಯೋದು ಅದೇಯಾ, ಅದ್ಕೊಂದು ದೀಪ ಬೇಡ್ವಾ ಕಣವ್ವ?" ಎಂದೆ. ಆಕೆ ನಕ್ಕು, ದೀಪದ ಬಿಸಿ ತಾಗಿದರೆ ಕಂಬಕ್ಕೆ ಚಳಿ ತಿಳಿಯುವುದಿಲ್ಲ, ದೂರದಲ್ಲಿಡಿ ಎಂದು ಕೈಮುಗಿದು ಹೋದಳು. ದೂರದಲ್ಲೇ ಇಟ್ಟೆವು, ಒಂದೆರಡು ದಿನ. ಬೆಟ್ಟದ ಗಾಳಿಗೆ ದೀಪ ನಿಲ್ಲಲಿಲ್ಲ. ಆರಿದ ದೀಪ ಅಪಶಕುನವೆಂದು ಮತ್ತೆ ಕಂಬದ ಮರೆಗೇ ತಂದೆವು, ಗಾಳಿ ತಾಗದ ಹಾಗೆ ಸುತ್ತ ಕಲ್ಲನ್ನೂ ಜೋಡಿಸಿದೆವು. ಅಮಾವಾಸ್ಯೆಗೆ ಸಾಲುದೀಪ. ಬುಡದ ನೆಲ ಬೆಚ್ಚಗಾಯಿತು. ದಾರಿಗಣ್ಣು ಅದನ್ನೇ ಕಂಡು ರಸ್ತೆ ಕ್ಷೇಮವೆಂದು ತಿಳಿಸಿತು. ಉಪ್ಪುಬಂಡಿ ಬರಲಿಲ್ಲ. ಬೆಳಗ್ಗೆ ಕೆಂಪರಾಜುವಿನ ಹಾಲಿನ ಗಾಡಿ ಹಳ್ಳಕ್ಕೆ ಉರುಳಿತು. ಅವನ ಜೀವ ಉಳಿಯಿತು, ಎರಡೂ ಕಾಲು ಹೋದವು.

ಇಷ್ಟೇ ಆಗಿದ್ದರೆ ನಮ್ಮದು ಬರೀ ದಡ್ಡತನ. ಕಚೇರಿಯವರು ಬರುವಷ್ಟರಲ್ಲಿ ನಾವು ಹೆಂಗಸರೆಲ್ಲ ಬಿಸಿನೀರು, ಬೂದಿ ಹಿಡಿದು ಎಣ್ಣೆ, ಮಸಿ, ಕುಂಕುಮ ಎಲ್ಲವನ್ನೂ ತಿಕ್ಕಿ ತೊಳೆದೆವು, ಹಬ್ಬದ ಪಾತ್ರೆ ಬೆಳಗಿದಂತೆ. ಕಲ್ಲುಗಳನ್ನು ಹಳ್ಳಕ್ಕೆ ಎಸೆದೆವು. ಬಂದವರು ನೋಡಿ ಕಂಬ ಸರಿಯಾಗಿದೆ ಎಂದರು. ಕಂಬ ತಿಳಿಸಿದ್ದು ಎಲ್ಲೂ ಬರೆದಿರುವುದಿಲ್ಲ, ನೋಡುವವಳು ನೇಸರ ಒಬ್ಬಳೇ. ಹಾಗಾದರೆ ತಪ್ಪು ಕಾವಲು ಕೂತವಳದೇ ಎಂದು ಅವಳನ್ನು ಕೆಲಸದಿಂದ ನಿಲ್ಲಿಸಿದರು. ಅವಳು ನನ್ನ ಅಂಗಡಿಗೆ ಬಂದು, "ಅಜ್ಜಿ, ದೀಪ ದೂರಾನೇ ಇಟ್ಟಿದ್ರಿ ಅಲ್ವಾ?" ಎಂದು ಕೇಳಿದಳು. "ಊಂ ಕಣವ್ವ, ದೂರಾನೇಯಾ" ಎಂದೆ. ನಂಬಿದಳು. ಎಲ್ಲೋ ತನಗೇ ಕಣ್ತಪ್ಪಿತೇನೋ ಎಂದು ನನ್ನೆದುರೇ ಅತ್ತಳು. ನಾನು ಅವಳಿಗೆ ಇಡ್ಲಿ ಬಡಿಸಿದೆ. ಆ ನಾಚಿಕೆ ನನ್ನನ್ನು ತಿನ್ನುತ್ತಿದೆ.

ನಾಳೆ ಅವಳ ವಿಚಾರಣೆ. ಊರಿನವರು ಬಾಯಿ ಬಿಡಬೇಡ ಎಂದಿದ್ದಾರೆ. ಎದೆಯ ಭಾರ ಇಳಿಸಲು ನಿಮಗೆ ಬರೆಯಲು ಕೂತೆ. ಬರೆದದ್ದನ್ನು ಓದಿಕೊಂಡಾಗ ಇನ್ನಷ್ಟು ನಾಚಿಕೆಯಾಯಿತು. ತಿರುಗಿ ಕೇಳಲಾರದವರ ಮುಂದೆ ತಪ್ಪೊಪ್ಪಿಕೊಂಡರೆ ಆ ಹುಡುಗಿಗೆ ಏನು ಬಂತು?

ನಿಮ್ಮ ಕಾಲದಲ್ಲಿ ಇಂಥ ಕಂಬ ನೆಟ್ಟರೆ ದೂರದಿಂದ ಕೈಮುಗಿಯಿರಿ, ಅಷ್ಟು ಸಾಕು. ಬೆಳಗಿನ ಮೊದಲ ಬಸ್ಸಿಗೆ ನಾನು ಗುಂಡ್ಲುಪೇಟೆಗೆ ಹೊರಟಿದ್ದೇನೆ, ಈ ಕಾಗದವನ್ನು ವಿಚಾರಣೆಯ ಮೇಜಿನ ಮೇಲಿಡಲು. ನಿಮಗೆ ಬಂದಿರುವುದು ಅದರ ನಕಲು.